ಮೈಕನ್, ಜಾರ್ಜ್ ಲಾರೆನ್ಸ್ (1924–2005)

ಜಾರ್ಜ್ ಲಾರೆನ್ಸ್ ಮೈಕನ್ ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ. ಮಿನ್ನಿಯಾಪೊಲಿಸ್ ಲೇಕರ್ಸ್ ತಂಡದ ಸೆಂಟರ್ ಆಗಿ ಆ ಆಟದ ಮೊದಲ ರಾಷ್ಟ್ರಮಟ್ಟದ ತಾರೆಯೆನಿಸಿದವ. ಸೆಂಟರ್ ಎಂದರೆ ಐವರ ತಂಡದಲ್ಲಿ ಬುಟ್ಟಿಗೆ ತೀರ ಸಮೀಪದಲ್ಲಿ ನಿಂತು ಆಡುವ, ಸಾಮಾನ್ಯವಾಗಿ ಉಳಿದೆಲ್ಲರಿಗಿಂತ ಎತ್ತರವಿರುವ ಆಟಗಾರ. 208 ಸೆಂ.ಮೀ. ಎತ್ತರ, ಸುಮಾರು 111 ಕಿ.ಗ್ರಾಂ. ತೂಕ, ದಪ್ಪ ಗಾಜಿನ ಕನ್ನಡಕ ಮತ್ತು 99 ಸಂಖ್ಯೆಯ ಅಂಗಿ ಈತನ ಗುರುತುಗಳಾಗಿದ್ದವು. ಒಂಬತ್ತು ಋತುಗಳ ವೃತ್ತಿಜೀವನದಲ್ಲಿ ಈತನ ತಂಡಗಳು ಏಳು ಬಾರಿ ಲೀಗ್ ಪ್ರಶಸ್ತಿ ಗೆದ್ದವು. ಆದರೆ ಆಟದ ಇತಿಹಾಸದಲ್ಲಿ ಈತನ ಸ್ಥಾನವನ್ನು ನಿರ್ಧರಿಸುವುದು ಪ್ರಶಸ್ತಿಗಳ ಸಂಖ್ಯೆಗಿಂತ ಹೆಚ್ಚಾಗಿ, ಈತನೊಬ್ಬನನ್ನು ಹತೋಟಿಯಲ್ಲಿಡಲು ಅಂಕಣದ ಅಳತೆ ಮತ್ತು ಆಟದ ನಿಯಮಗಳನ್ನೇ ಬದಲಿಸಬೇಕಾಗಿ ಬಂದ ಸಂಗತಿ.

ಹುಟ್ಟು ಮತ್ತು ಬಾಲ್ಯ

ಮೈಕನ್ 1924ರ ಜೂನ್ 18ರಂದು ಇಲಿನಾಯ್ ಸಂಸ್ಥಾನದ ಜೋಲಿಯಟ್ ಪಟ್ಟಣದಲ್ಲಿ ಜನಿಸಿದ. ತಂದೆ ಕ್ರೊಯೇಷಿಯ ಮೂಲದವ, ತಾಯಿ ಲಿಥುವೇನಿಯ ಮೂಲದವಳು; ಕುಟುಂಬ ಊಟ-ಪಾನೀಯಗಳ ಅಂಗಡಿಯೊಂದನ್ನು ನಡೆಸುತ್ತಿತ್ತು. ಬಾಲ್ಯದಲ್ಲಿ ಮೊಣಕಾಲಿಗೆ ಬಿದ್ದ ತೀವ್ರ ಪೆಟ್ಟಿನಿಂದ ಈತ ಸುಮಾರು ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದ. ಕ್ಯಾಥೊಲಿಕ್ ಪಾದ್ರಿಯಾಗಬೇಕೆಂಬ ಅಪೇಕ್ಷೆಯಿಂದ ಷಿಕಾಗೊದ ಕ್ವಿಗ್ಲಿ ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರುಮಾಡುವ ಶಾಲೆಯಲ್ಲಿ ಕೆಲಕಾಲ ಓದಿದ.

ಆ ಕಾಲದ ತರಬೇತುದಾರರಲ್ಲಿ ತೀರ ಎತ್ತರದ ಹುಡುಗರ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಚುರುಕು ಕಾಲಿನ, ಮಧ್ಯಮ ಎತ್ತರದ ಆಟಗಾರರ ಆಟವೆಂದೂ ಎತ್ತರದವರು ಮೈ ಬಗ್ಗದ ಮಂದಗತಿಯವರೆಂದೂ ನಂಬಿಕೆಯಿತ್ತು. ದೃಷ್ಟಿ ಮಂದವಾಗಿದ್ದು ಕನ್ನಡಕವಿಲ್ಲದೆ ಆಡಲಾಗದಿದ್ದ ಮೈಕನ್‌ನ ವಿಷಯದಲ್ಲಿ ಈ ಸಂಶಯ ಇಮ್ಮಡಿಯಾಗಿತ್ತು. ನೋಟರ್‌ಡೇಮ್ ವಿಶ್ವವಿದ್ಯಾನಿಲಯದ ತಂಡಕ್ಕೆ ಸೇರಲು ಪ್ರಯತ್ನಿಸಿದಾಗ ಅಲ್ಲಿನ ತರಬೇತುದಾರ ಜಾರ್ಜ್ ಕಿಯೋಗನ್ ಈತನನ್ನು ತೆಗೆದುಕೊಳ್ಳದೆ ಈತ ಆಗಲೇ ಓದುತ್ತಿದ್ದ ಷಿಕಾಗೊದ ಡಿ ಪಾಲ್ ವಿಶ್ವವಿದ್ಯಾನಿಲಯಕ್ಕೇ ಮರಳುವಂತೆ ಸೂಚಿಸಿದ.

ಡಿ ಪಾಲ್ ವಿಶ್ವವಿದ್ಯಾನಿಲಯ

1942ರಲ್ಲಿ ಡಿ ಪಾಲ್ ತಂಡದ ಹೊಣೆ ಹೊತ್ತ ರೇ ಮೆಯರ್ ಎಂಬ ತರುಣ ತರಬೇತುದಾರ, ಈ ಎತ್ತರವನ್ನು ದೋಷವೆಂದು ಬಗೆಯದೆ ಅದಕ್ಕೆ ತಕ್ಕ ಚಲನೆಯನ್ನು ಕಲಿಸಲು ತೊಡಗಿದ. ಕಾಲುಗಳ ಚುರುಕಿಗಾಗಿ ಹಗ್ಗದಾಟ, ತೋಳು ಮತ್ತು ಸೊಂಟದ ಹೊಂದಾಣಿಕೆಗಾಗಿ ಎದುರಾಳಿಯಿಲ್ಲದ ಮುಷ್ಟಿಯುದ್ಧದ ಅಭ್ಯಾಸ, ಹೆಜ್ಜೆಯ ಲಯಕ್ಕಾಗಿ ನೃತ್ಯಪಾಠ ಇವೆಲ್ಲ ಆ ಶಿಕ್ಷಣದಲ್ಲಿ ಸೇರಿದ್ದವು.

ಈ ಶಿಕ್ಷಣದ ತಿರುಳು, ಇಂದಿಗೂ ಈತನ ಹೆಸರಿನಿಂದಲೇ ಕರೆಯಲಾಗುವ ಮೈಕನ್ ಡ್ರಿಲ್ ಎಂಬ ಅಭ್ಯಾಸ. ಆಟಗಾರ ಬುಟ್ಟಿಯ ನೇರ ಕೆಳಗೆ ಹಲಗೆಗೆ ಎದುರಾಗಿ ನಿಂತು, ಎಡಗಾಲನ್ನು ಮುಂದಿಟ್ಟು ಬಲಗೈಯಿಂದ ಚೆಂಡನ್ನು ಹಲಗೆಗೆ ತಾಗಿಸಿ ಬುಟ್ಟಿಗೆ ಹಾಕುತ್ತಾನೆ. ಬಲೆಯಿಂದ ಜಾರುವ ಚೆಂಡು ನೆಲ ಮುಟ್ಟುವ ಮೊದಲೇ ಅದನ್ನು ಹಿಡಿದು, ಗಲ್ಲದ ಕೆಳಗೆ ಇಳಿಸದೆ, ಬಲಗಾಲನ್ನು ಮುಂದಿಟ್ಟು ಈ ಬಾರಿ ಎಡಗೈಯಿಂದ ಇನ್ನೊಂದು ಬದಿಯಲ್ಲಿ ಹಾಕುತ್ತಾನೆ. ಹೀಗೆ ಬಲ-ಎಡ ಬದಲಾಯಿಸುತ್ತ ಉಸಿರು ಕಟ್ಟುವವರೆಗೆ ಮುಂದುವರಿಯುತ್ತದೆ. ಎರಡೂ ಕೈಗಳಿಂದ ಸಮನಾಗಿ ಚೆಂಡು ಹಾಕಬಲ್ಲ ಸೆಂಟರ್ ಆ ಕಾಲದಲ್ಲಿ ಬಲು ಅಪರೂಪವಾಗಿದ್ದುದರಿಂದ, ಯಾವ ಬದಿಯಲ್ಲಿ ತಡೆಯಬೇಕೆಂಬುದೇ ಎದುರಾಳಿಗೆ ತಿಳಿಯದಂತಾಯಿತು.

ಮೈಕನ್ 1944, 1945 ಮತ್ತು 1946ರಲ್ಲಿ ಅಖಿಲ ಅಮೆರಿಕ ಕಾಲೇಜು ತಂಡಕ್ಕೆ ಆಯ್ಕೆಯಾದ. ಕೊನೆಯ ಎರಡು ಋತುಗಳಲ್ಲಿ ದೇಶದ ಕಾಲೇಜು ಆಟಗಾರರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ. 1945ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯಲ್ಲಿ ಡಿ ಪಾಲ್ ತಂಡ ರೋಡ್ ಐಲೆಂಡ್ ಸ್ಟೇಟ್ ತಂಡವನ್ನು 97–53ರಿಂದ ಸೋಲಿಸಿದಾಗ ಮೈಕನ್ ಒಬ್ಬನೇ 53 ಅಂಕ ಗಳಿಸಿದ್ದ. ಎದುರಾಳಿ ತಂಡದ ಒಟ್ಟು ಗಳಿಕೆಯೂ ಅಷ್ಟೇ ಆಗಿತ್ತು. ಮುಂದೆ ಬೋಲಿಂಗ್ ಗ್ರೀನ್ ತಂಡವನ್ನು ಸೋಲಿಸಿ ಡಿ ಪಾಲ್ ಆ ಪ್ರಶಸ್ತಿಯನ್ನು ಪಡೆಯಿತು. ಆಟದ ಜೊತೆಯಲ್ಲೇ ಕಾನೂನು ವ್ಯಾಸಂಗ ಮುಂದುವರಿಸಿದ ಈತ, ವೃತ್ತಿಪರ ಆಟಗಾರನಾದ ಮೇಲೆ 1949ರಲ್ಲಿ ಡಿ ಪಾಲ್‌ನಿಂದಲೇ ಕಾನೂನು ಪದವಿ ಪಡೆದ.

ವೃತ್ತಿ ಲೀಗ್‌ಗಳ ಸ್ಥಿತಿ

ಮೈಕನ್ ವೃತ್ತಿರಂಗಕ್ಕೆ ಬಂದಾಗ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕಾಲೇಜು ಆಟಕ್ಕಿಂತ ಕೆಳಮಟ್ಟದ ಮನ್ನಣೆಯನ್ನು ಹೊಂದಿತ್ತು. 1937ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ (ಎನ್‌ಬಿಎಲ್) ಮಧ್ಯಪಶ್ಚಿಮ ಭಾಗದ ಕೈಗಾರಿಕಾ ಪಟ್ಟಣಗಳಲ್ಲಿ ಬೇರೂರಿತ್ತು. ಅದರ ಹಲವು ತಂಡಗಳು ಟಯರು, ಪಿಸ್ಟನ್ ಮುಂತಾದವನ್ನು ತಯಾರಿಸುವ ಕಾರ್ಖಾನೆಗಳ ಆಶ್ರಯದಲ್ಲಿದ್ದವು. 1946ರಲ್ಲಿ ದೊಡ್ಡ ನಗರಗಳ ಕ್ರೀಡಾಂಗಣಗಳ ಒಡೆಯರು ಖಾಲಿ ಬೀಳುವ ಸಂಜೆಗಳನ್ನು ತುಂಬಿಸಲು ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ (ಬಿಎಎ) ಎಂಬ ಮತ್ತೊಂದು ಲೀಗನ್ನು ಕಟ್ಟಿದರು. ಮೊದಲನೆಯದರಲ್ಲಿ ಒಳ್ಳೆಯ ಆಟಗಾರರಿದ್ದರು, ಎರಡನೆಯದರಲ್ಲಿ ಒಳ್ಳೆಯ ಕ್ರೀಡಾಂಗಣಗಳಿದ್ದವು. 1948ರಲ್ಲಿ ಲೇಕರ್ಸ್ ಸೇರಿದಂತೆ ನಾಲ್ಕು ತಂಡಗಳು ಎನ್‌ಬಿಎಲ್ ಬಿಟ್ಟು ಬಿಎಎ ಸೇರಿದ್ದರಿಂದ ಸಮತೋಲ ತಪ್ಪಿತು. 1949ರ ಆಗಸ್ಟಿನಲ್ಲಿ ಎರಡೂ ವಿಲೀನಗೊಂಡು ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ (ಎನ್‌ಬಿಎ) ರೂಪುಗೊಂಡಿತು.

ಷಿಕಾಗೊ ಅಮೆರಿಕನ್ ಗಿಯರ್ಸ್

1946ರಲ್ಲಿ ಮೈಕನ್ ಎನ್‌ಬಿಎಲ್‌ನ ಷಿಕಾಗೊ ಅಮೆರಿಕನ್ ಗಿಯರ್ಸ್ ತಂಡದೊಂದಿಗೆ ಐದು ವರ್ಷಕ್ಕೆ 60,000 ಡಾಲರುಗಳ ಒಪ್ಪಂದ ಮಾಡಿಕೊಂಡ. ಆ ದಿನಗಳಿಗೆ ಅದು ಅಸಾಧಾರಣ ಮೊತ್ತ. ಒಪ್ಪಂದದ ವಿಚಾರದಲ್ಲಿ ಮಾಲೀಕರೊಂದಿಗೆ ವಿವಾದ ಉಂಟಾಗಿ ಋತುವಿನ ಕೆಲವು ವಾರಗಳಲ್ಲಿ ಈತ ಆಡಲಿಲ್ಲವಾದರೂ, 1947ರಲ್ಲಿ ಗಿಯರ್ಸ್ ತಂಡ ರಾಚೆಸ್ಟರ್ ರಾಯಲ್ಸನ್ನು ಮಣಿಸಿ ಲೀಗ್ ಪ್ರಶಸ್ತಿ ಗೆದ್ದಿತು. ತಂಡದ ಮಾಲೀಕ ಮಾರಿಸ್ ವೈಟ್, ಮೈಕನ್‌ನ ಜನಪ್ರಿಯತೆಯನ್ನು ನಂಬಿ ತಂಡವನ್ನು ಎನ್‌ಬಿಎಲ್‌ನಿಂದ ಹೊರತಂದು ತನ್ನದೇ ಆದ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಆಫ್ ಅಮೆರಿಕ ಎಂಬ ಸಂಸ್ಥೆಯನ್ನು ಸ್ಥಾಪಿಸಿದ. ಅದು 1947ರ ನವೆಂಬರಿನಲ್ಲಿ, ಆರಂಭವಾದ ಕೆಲವೇ ವಾರಗಳಲ್ಲಿ ದಿವಾಳಿಯಾಯಿತು. ಅದರ ಆಟಗಾರರನ್ನು ಎನ್‌ಬಿಎಲ್ ತಂಡಗಳಿಗೆ ಹಂಚಲಾಯಿತು.

ಮಿನ್ನಿಯಾಪೊಲಿಸ್ ಲೇಕರ್ಸ್

ಹಿಂದಿನ ಋತುವಿನಲ್ಲಿ ಕಡೆಯ ಸ್ಥಾನದಲ್ಲಿದ್ದ ಡೆಟ್ರಾಯಿಟ್ ಜೆಮ್ಸ್ ತಂಡವನ್ನು 1947ರಲ್ಲಿ ಮಿನ್ನಿಯಾಪೊಲಿಸ್‌ನ ಉದ್ಯಮಿಗಳು 15,000 ಡಾಲರಿಗೆ ಕೊಂಡು, ಸರೋವರಗಳಿಗೆ ಹೆಸರಾದ ಮಿನೆಸೋಟ ಸಂಸ್ಥಾನಕ್ಕೆ ಹೊಂದುವಂತೆ ಲೇಕರ್ಸ್ ಎಂದು ಹೆಸರಿಟ್ಟಿದ್ದರು. ಕಡೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು ಸಲ್ಲುತ್ತಿದ್ದುದರಿಂದ ಮೈಕನ್ ಈ ತಂಡದ ಪಾಲಿಗೆ ಬಂದ. ಜಾನ್ ಕುಂಡ್ಲಾ ತರಬೇತುದಾರನಾಗಿದ್ದ. ಜಿಗಿತಕ್ಕೆ ಪ್ರಸಿದ್ಧನಾಗಿದ್ದ ಫಾರ್ವರ್ಡ್ ಆಟಗಾರ ಜಿಮ್ ಪೊಲಾರ್ಡ್ ಆಗಲೇ ತಂಡದಲ್ಲಿದ್ದ. 1949ರಲ್ಲಿ ವರ್ನ್ ಮಿಕೆಲ್ಸನ್ ಮತ್ತು ಸ್ಲೇಟರ್ ಮಾರ್ಟಿನ್ ಬಂದು ಸೇರಿದರು. ಈ ನಾಲ್ವರೂ ಮತ್ತು ಕುಂಡ್ಲಾ ಮುಂದೆ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ಪಡೆದರು. ಲೇಕರ್ಸ್ ಯಶಸ್ಸನ್ನು ಮೈಕನ್ ಒಬ್ಬನ ಸಾಧನೆಯೆಂದು ಬಣ್ಣಿಸುವ ರೂಢಿ ಈ ಕಾರಣದಿಂದ ಪೂರ್ತಿ ಸರಿಯಲ್ಲ.

ಲೇಕರ್ಸ್ 1948ರಲ್ಲಿ ಎನ್‌ಬಿಎಲ್ ಪ್ರಶಸ್ತಿ ಗೆದ್ದಾಗ ಮೈಕನ್ ಆ ಲೀಗಿನ ಅತ್ಯಂತ ಮೌಲಿಕ ಆಟಗಾರನೆನಿಸಿದ. ಅದೇ ವರ್ಷದ ಫೆಬ್ರವರಿಯಲ್ಲಿ ಷಿಕಾಗೊದಲ್ಲಿ ಕರಿಯ ಆಟಗಾರರ ಸಂಚಾರಿ ತಂಡವಾದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಲೇಕರ್ಸನ್ನು 61–59ರಿಂದ ಸೋಲಿಸಿತು. ಸುಮಾರು 18,000 ಪ್ರೇಕ್ಷಕರು ನೋಡಿದ ಈ ಪಂದ್ಯ ಯಾವ ಲೀಗಿಗೂ ಸೇರಿದ್ದಲ್ಲ; ಆದರೂ ಬಿಎಎ ತಂಡಗಳಲ್ಲಿ ಕರಿಯ ಆಟಗಾರರೇ ಇಲ್ಲದಿದ್ದ ಕಾಲದಲ್ಲಿ ಅವರ ಆಟದ ಮಟ್ಟವನ್ನು ತೋರಿಸಿದ್ದರಿಂದ, ಮೈಕನ್ ಆಡಿದ ಮುಖ್ಯ ಪಂದ್ಯಗಳಲ್ಲಿ ಇದನ್ನು ಎಣಿಸಬೇಕಾಗುತ್ತದೆ. ಎನ್‌ಬಿಎ ತಂಡಗಳಿಗೆ ಕರಿಯ ಆಟಗಾರರ ಪ್ರವೇಶವಾದದ್ದು 1950ರಲ್ಲಿ.

1949ರ ಬಿಎಎ ಅಂತಿಮ ಸರಣಿಯಲ್ಲಿ ಲೇಕರ್ಸ್ ವಾಷಿಂಗ್ಟನ್ ಕ್ಯಾಪಿಟಲ್ಸನ್ನು 4–2ರಿಂದ ಸೋಲಿಸಿತು. ನಾಲ್ಕನೆಯ ಪಂದ್ಯದಲ್ಲಿ ಮಣಿಕಟ್ಟು ಮುರಿದುಕೊಂಡ ಮೈಕನ್ ಐದನೆಯ ಪಂದ್ಯದಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡೇ ಆಡಿ 22 ಅಂಕ ಗಳಿಸಿದ. ಎನ್‌ಬಿಎ ಎಂಬ ಹೆಸರು ಬಂದ ಮೊದಲ ಋತುವಿನಲ್ಲಿ, 1950ರಲ್ಲಿ, ಸಿರಾಕ್ಯೂಸ್ ನ್ಯಾಷನಲ್ಸ್ ಎದುರು ಗೆದ್ದ ಲೇಕರ್ಸ್ ಆ ಲೀಗಿನ ಮೊದಲ ವಿಜೇತ ತಂಡವಾಯಿತು. 1951ರಲ್ಲಿ ಮೈಕನ್ ಕಾಲಿನ ಮೂಳೆಮುರಿತದಿಂದ ಬಳಲುತ್ತಿದ್ದಾಗ ರಾಚೆಸ್ಟರ್ ತಂಡ ಲೇಕರ್ಸನ್ನು ಹೊರದೂಡಿತು. ಅನಂತರ 1952 ಮತ್ತು 1953ರಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು, 1954ರಲ್ಲಿ ಮತ್ತೆ ಸಿರಾಕ್ಯೂಸ್ ಎದುರು ಗೆದ್ದು ಸತತ ಮೂರು ಪ್ರಶಸ್ತಿಗಳನ್ನು ಪಡೆಯಿತು.

ಈ ವರ್ಷಗಳಲ್ಲಿ ಲೀಗಿನ ಆದಾಯ ಬಹುಮಟ್ಟಿಗೆ ಮೈಕನ್‌ನ ಹೆಸರನ್ನು ಅವಲಂಬಿಸಿತ್ತು. ಬೇರೆ ನಗರಗಳಲ್ಲಿ ಪಂದ್ಯವಿದ್ದಾಗ ಈತ ತಂಡಕ್ಕಿಂತ ಒಂದು ದಿನ ಮೊದಲೇ ಹೋಗಿ ಪತ್ರಕರ್ತರನ್ನು ಕಂಡು ಪಂದ್ಯಕ್ಕೆ ಪ್ರಚಾರ ದೊರಕಿಸುವುದಿತ್ತು. 1949ರ ಡಿಸೆಂಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಹೊರಫಲಕದ ಮೇಲೆ ಲೇಕರ್ಸ್ ಎಂಬ ಹೆಸರಿರಲಿಲ್ಲ. ನಿಕ್ಸ್ ತಂಡದ ಎದುರಾಳಿಯಾಗಿ ಜಾರ್ಜ್ ಮೈಕನ್ ಎಂಬ ಒಂದೇ ಹೆಸರನ್ನು ಬರೆಯಲಾಗಿತ್ತು.

ಆಟದ ರೀತಿ

ಮೈಕನ್‌ನ ಮುಖ್ಯ ಅಸ್ತ್ರ ಹುಕ್ ಶಾಟ್. ಬುಟ್ಟಿಗೆ ಪಕ್ಕವಾಗಿ ನಿಂತು, ಎದುರಾಳಿಯನ್ನು ಭುಜದಿಂದ ದೂರವಿಟ್ಟು, ಹೊರಗಿನ ಕೈಯನ್ನು ತಲೆಯ ಮೇಲಿಂದ ಕಮಾನಿನಂತೆ ತಂದು ಚೆಂಡನ್ನು ಹಾಕುವ ಈ ಕ್ರಮದಲ್ಲಿ ಚೆಂಡಿಗೂ ತಡೆಯುವವನಿಗೂ ನಡುವೆ ಆಟಗಾರನ ಇಡೀ ದೇಹ ಅಡ್ಡವಿರುವುದರಿಂದ ಅದನ್ನು ತಡೆಯುವುದು ಕಷ್ಟ. ಬುಟ್ಟಿಗೆ ಬೆನ್ನುಮಾಡಿ ನಿಂತು ಚೆಂಡನ್ನು ಪಡೆಯುವುದು, ಮೊಣಕೈಗಳನ್ನು ಅಗಲಿಸಿ ಜಾಗ ಮಾಡಿಕೊಳ್ಳುವುದು, ತಪ್ಪಿದ ಚೆಂಡನ್ನು ಹಲಗೆಯಿಂದ ಮರಳಿ ಹಿಡಿಯುವುದು (ಇದಕ್ಕೆ ರೀಬೌಂಡ್ ಎಂದು ಹೆಸರು) ಈತನ ಆಟದ ಉಳಿದ ಅಂಗಗಳು. ಓಟದಲ್ಲಿ ಈತ ಎಂದೂ ವೇಗಶಾಲಿಯಾಗಿರಲಿಲ್ಲ. ಆದ್ದರಿಂದ ಲೇಕರ್ಸ್ ತಂಡ ಮೈಕನ್ ಬುಟ್ಟಿಯ ಬಳಿ ಬಂದು ನಿಲ್ಲುವವರೆಗೂ ಕಾದು, ಅನಂತರ ದಾಳಿಯನ್ನು ಆರಂಭಿಸುವ ನಿಧಾನದ ಆಟವನ್ನು ರೂಢಿಸಿಕೊಂಡಿತು. ಮೂರು ಋತುಗಳಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಫೌಲ್ ಮಾಡಿದವನೂ ಈತನೇ. ತಾನೂ ಸಾಕಷ್ಟು ಪೆಟ್ಟು ತಿಂದ ಮೈಕನ್‌ನ ಹತ್ತು ಮೂಳೆಗಳು ಆಟದ ವರ್ಷಗಳಲ್ಲಿ ಮುರಿದಿದ್ದವು.

ನಿಯಮಗಳ ಮೇಲಿನ ಪರಿಣಾಮ

ಮೊದಲ ಬದಲಾವಣೆ ಕಾಲೇಜು ಆಟದಲ್ಲಾಯಿತು. ಮೈಕನ್ ಮತ್ತು ಒಕ್ಲಹೋಮ ಎ ಅಂಡ್ ಎಂ ಕಾಲೇಜಿನ ಬಾಬ್ ಕರ್ಲೆಂಡ್ ಬುಟ್ಟಿಯ ಬಳಿ ನಿಂತು, ಎದುರಾಳಿ ಎಸೆದ ಚೆಂಡು ಕೆಳಗಿಳಿಯುತ್ತ ಇನ್ನೇನು ಬುಟ್ಟಿ ಸೇರಬೇಕೆನ್ನುವಾಗ ಮೇಲೆ ಕೈಚಾಚಿ ಅದನ್ನು ತಳ್ಳಿಬಿಡುತ್ತಿದ್ದರು. ಗೋಲ್‌ಟೆಂಡಿಂಗ್ ಎನಿಸಿಕೊಂಡ ಈ ಕ್ರಮವನ್ನು ಕಾಲೇಜು ಆಟದ ನಿಯಂತ್ರಕರು 1944–45ರ ಋತುವಿನಿಂದ ನಿಷೇಧಿಸಿದರು. ಅಂದಿನಿಂದ ಚೆಂಡನ್ನು ಮೇಲೇರುವಾಗ ಮಾತ್ರ ತಡೆಯಬಹುದು, ಇಳಿಯುವಾಗ ಮುಟ್ಟುವಂತಿಲ್ಲ ಎಂಬ ನಿಯಮ ಎಲ್ಲ ಮಟ್ಟದ ಆಟದಲ್ಲೂ ನೆಲೆಗೊಂಡಿತು.

ಎರಡನೆಯ ಬದಲಾವಣೆ ಅಂಕಣದ ಗೆರೆಗಳಿಗೆ ಸಂಬಂಧಿಸಿದ್ದು. ಬುಟ್ಟಿಯ ಮುಂದೆ ಬಳಿದ ಪಟ್ಟೆಯಾಕಾರದ ಜಾಗಕ್ಕೆ ಲೇನ್ ಎನ್ನುತ್ತಾರೆ. ದಾಳಿ ಮಾಡುವ ತಂಡದ ಆಟಗಾರ ಅದರೊಳಗೆ ಸತತ ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ನಿಲ್ಲುವಂತಿಲ್ಲ. ಈ ಲೇನಿನ ಅಗಲ ಆರು ಅಡಿ (1.83 ಮೀ.) ಇದ್ದಾಗ ಮೈಕನ್ ಅದರ ಅಂಚಿನಲ್ಲಿ ನಿಂತು ಒಂದೇ ಹೆಜ್ಜೆಯಲ್ಲಿ ಬುಟ್ಟಿಯನ್ನು ತಲುಪುತ್ತಿದ್ದ. 1951–52ರಲ್ಲಿ ಎನ್‌ಬಿಎ ಅದನ್ನು ಹನ್ನೆರಡು ಅಡಿಗೆ (3.66 ಮೀ.) ವಿಸ್ತರಿಸಿತು. ಹಿಂದಿನ ಋತುವಿನಲ್ಲಿ ಪಂದ್ಯವೊಂದಕ್ಕೆ 28.4 ಇದ್ದ ಮೈಕನ್‌ನ ಸರಾಸರಿ 23.8ಕ್ಕೆ ಇಳಿದು, ಮೂರು ವರ್ಷಗಳಿಂದ ಈತನ ಬಳಿಯಿದ್ದ ಅಂಕಗಳಿಕೆಯ ಅಗ್ರಸ್ಥಾನ ಫಿಲಡೆಲ್ಫಿಯದ ಪಾಲ್ ಆರಿಜಿನ್‌ಗೆ ಹೋಯಿತು. ಹೀಗಿದ್ದರೂ ತನ್ನ ವೃತ್ತಿಜೀವನದ ಗರಿಷ್ಠವಾದ 61 ಅಂಕಗಳನ್ನು ಈತ ಗಳಿಸಿದ್ದು ಅದೇ ಋತುವಿನಲ್ಲಿ, 1952ರ ಜನವರಿ 20ರಂದು, ರಾಚೆಸ್ಟರ್ ಎದುರಿನ ಪಂದ್ಯದಲ್ಲಿ. ಬುಟ್ಟಿಯನ್ನೇ ಹತ್ತು ಅಡಿಯಿಂದ ಹನ್ನೆರಡು ಅಡಿಗೆ ಏರಿಸಿದರೆ ಎತ್ತರದವರ ಅನುಕೂಲ ತಗ್ಗೀತೆಂದು 1954ರ ಮಾರ್ಚಿನಲ್ಲಿ ಲೇಕರ್ಸ್ ಮತ್ತು ಮಿಲ್ವಾಕಿ ಹಾಕ್ಸ್ ನಡುವಿನ ಪಂದ್ಯವೊಂದರಲ್ಲಿ ಪರೀಕ್ಷಿಸಲಾಯಿತು, ಪ್ರಯೋಗ ಮುಂದುವರಿಯಲಿಲ್ಲ.

ಮೂರನೆಯದಾದ 24 ಸೆಕೆಂಡುಗಳ ಗಡಿಯಾರ ಮೈಕನ್‌ನನ್ನು ನೇರವಾಗಿ ಗುರಿಯಾಗಿಸಿದ್ದಲ್ಲ, ಆದರೆ ಅದರ ಹಿನ್ನೆಲೆಯಲ್ಲೂ ಈತನಿದ್ದಾನೆ. 1950ರ ನವೆಂಬರ್ 22ರಂದು ಮಿನ್ನಿಯಾಪೊಲಿಸ್‌ನಲ್ಲಿ ಲೇಕರ್ಸ್ ಎದುರು ಆಡಿದ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ, ಮೈಕನ್‌ಗೆ ಅವಕಾಶ ಕೊಡಬಾರದೆಂಬ ಒಂದೇ ಉದ್ದೇಶದಿಂದ ಬುಟ್ಟಿಯತ್ತ ಎಸೆಯದೆ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಕಾಲ ಕಳೆಯಿತು. ಪ್ರೇಕ್ಷಕರು ಕೂಗಾಡಿದರೂ ಆ ತಂಡ ಪಟ್ಟು ಸಡಿಲಿಸಲಿಲ್ಲ. ಕೊನೆಯ ಹನ್ನೆರಡು ನಿಮಿಷಗಳಲ್ಲಿ ಎರಡೂ ತಂಡಗಳು ಸೇರಿ ಗಳಿಸಿದ್ದು ನಾಲ್ಕೇ ಅಂಕ. ಫೋರ್ಟ್ ವೇಯ್ನ್ 19–18ರಿಂದ ಗೆದ್ದಿತು. ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್‌ನವು. ಎನ್‌ಬಿಎ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಅಂಕಗಳ ಪಂದ್ಯ ಇನ್ನೊಂದಿಲ್ಲ. ಇಂತಹ ಆಟದಿಂದ ಪ್ರೇಕ್ಷಕರು ದೂರವಾಗುವರೆಂಬ ಭಯ ಬೆಳೆದು, 1954–55ರಲ್ಲಿ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್‌ನ ಸಲಹೆಯಂತೆ, ಚೆಂಡು ದೊರೆತ ತಂಡ 24 ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಬಂದಿತು. 48 ನಿಮಿಷಗಳ ಒಂದು ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡಗಳಿಂದ ಸುಮಾರು 120 ಎಸೆತಗಳು ನಡೆಯುತ್ತವೆಂದು ಎಣಿಸಿ, 2,880 ಸೆಕೆಂಡುಗಳನ್ನು 120ರಿಂದ ಭಾಗಿಸಿ ಈ ಅವಧಿಯನ್ನು ಗೊತ್ತುಪಡಿಸಲಾಯಿತು. ತಂಡವೊಂದರ ಸರಾಸರಿ ಗಳಿಕೆ ಒಂದೇ ಋತುವಿನಲ್ಲಿ 79.5ರಿಂದ 93.1ಕ್ಕೆ ಏರಿತು. ನಿಧಾನದ ಸೆಂಟರ್‌ಗಾಗಿ ಕಾಯುವ ಲೇಕರ್ಸ್ ಪದ್ಧತಿಗೆ ಈ ಹೊಸ ಆಟದಲ್ಲಿ ಎಡೆಯಿರಲಿಲ್ಲ.

ನಿವೃತ್ತಿ ಮತ್ತು ಅನಂತರದ ಕಾರ್ಯಗಳು

ಗಾಯಗಳಿಂದಲೂ ಕುಟುಂಬಕ್ಕೆ ಸಮಯ ಕೊಡಬೇಕೆಂಬ ಕಾರಣದಿಂದಲೂ ಮೈಕನ್ 30ರ ವಯಸ್ಸಿನಲ್ಲಿ, ಈ ಗಡಿಯಾರ ಜಾರಿಗೆ ಬರುವುದಕ್ಕೆ ಸ್ವಲ್ಪ ಮೊದಲು, 1954ರಲ್ಲಿ ನಿವೃತ್ತನಾಗಿ ತಂಡದ ಪ್ರಧಾನ ವ್ಯವಸ್ಥಾಪಕನಾದ. 1955–56ರಲ್ಲಿ ಮರಳಿ ಅಂಕಣಕ್ಕಿಳಿದು 37 ಪಂದ್ಯಗಳಲ್ಲಿ 10.5ರ ಸರಾಸರಿಯನ್ನಷ್ಟೇ ಸಾಧಿಸಿ ಶಾಶ್ವತವಾಗಿ ಆಟ ಬಿಟ್ಟ. 1956ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಮಿನೆಸೋಟದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಸ್ಪರ್ಧಿಸಿ ಸೋತ. 1957–58ರಲ್ಲಿ ಲೇಕರ್ಸ್ ತರಬೇತುದಾರನಾಗಿ 39 ಪಂದ್ಯಗಳಲ್ಲಿ ಒಂಬತ್ತನ್ನು ಮಾತ್ರ ಗೆದ್ದು ಆ ಹುದ್ದೆಯನ್ನೂ ತೊರೆದ. ಬಳಿಕ ವಕೀಲಿ ವೃತ್ತಿಯಲ್ಲೂ ಪ್ರವಾಸ ವ್ಯವಸ್ಥೆಯ ವ್ಯವಹಾರದಲ್ಲೂ ತೊಡಗಿದ. ಲೇಕರ್ಸ್ ತಂಡ 1960ರಲ್ಲಿ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡಿತು. ಮೈಕನ್ ಕಾಲದ ನಂತರ ಅದು ಮುಂದಿನ ಪ್ರಶಸ್ತಿ ಗೆಲ್ಲಲು 1972ರವರೆಗೆ ಕಾಯಬೇಕಾಯಿತು.

1967ರಲ್ಲಿ ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿ ಹುಟ್ಟಿದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ (ಎಬಿಎ) ಮೈಕನ್‌ನನ್ನು ತನ್ನ ಮೊದಲ ಕಮಿಷನರ್ ಆಗಿ ನೇಮಿಸಿತು. ಅದರ ಎರಡು ಗುರುತುಗಳಾದ ಕೆಂಪು-ಬಿಳಿ-ನೀಲಿ ಚೆಂಡು ಮತ್ತು ಮೂರು ಅಂಕಗಳ ಗೆರೆ ಈತನ ಕಾಲದಲ್ಲೇ ಬಂದವು. ಬಣ್ಣದ ಚೆಂಡು ದೂರದ ಪ್ರೇಕ್ಷಕರಿಗೂ ಟೆಲಿವಿಷನ್ ವೀಕ್ಷಕರಿಗೂ ಚೆನ್ನಾಗಿ ಕಾಣುವುದೆಂಬುದು ಈತನ ವಾದವಾಗಿತ್ತು. ಬುಟ್ಟಿಯಿಂದ ನಿಗದಿತ ದೂರದಾಚೆಗಿನ ಎಸೆತಕ್ಕೆ ಎರಡರ ಬದಲು ಮೂರು ಅಂಕ ಕೊಡುವ ಗೆರೆಯನ್ನು 1961ರಲ್ಲಿಯೇ ಇನ್ನೊಂದು ಅಲ್ಪಾಯುಷಿ ಲೀಗ್ ಬಳಸಿತ್ತಾದರೂ ಅದನ್ನು ಜನಪ್ರಿಯಗೊಳಿಸಿದ್ದು ಎಬಿಎ. ಎನ್‌ಬಿಎ ಅದನ್ನು 1979–80ರಲ್ಲಿ ಸ್ವೀಕರಿಸಿತು. ಬುಟ್ಟಿಯ ಬುಡದಲ್ಲಿ ನಿಂತು ಹೆಸರು ಗಳಿಸಿದವನೇ ದೂರದ ಎಸೆತಕ್ಕೆ ಹೆಚ್ಚು ಬೆಲೆ ತರುವ ನಿಯಮಕ್ಕೆ ಕಾರಣನಾದದ್ದು ಗಮನಾರ್ಹ. ಮೈಕನ್ 1969ರಲ್ಲಿ ಈ ಹುದ್ದೆಯನ್ನು ಬಿಟ್ಟ. 1980ರ ದಶಕದಲ್ಲಿ ಮಿನ್ನಿಯಾಪೊಲಿಸ್‌ಗೆ ಮತ್ತೆ ಎನ್‌ಬಿಎ ತಂಡವನ್ನು ತರುವ ಪ್ರಯತ್ನದ ಮುಂದಾಳುಗಳಲ್ಲಿ ಒಬ್ಬನಾಗಿದ್ದ; ಅದರ ಫಲವಾಗಿ ಮಿನೆಸೋಟ ಟಿಂಬರ್‌ವುಲ್ವ್ಸ್ ತಂಡ 1989ರಲ್ಲಿ ಆಟ ಆರಂಭಿಸಿತು.

ಕೊನೆಯ ವರ್ಷಗಳು

ಮಧುಮೇಹದಿಂದ 2000ದಲ್ಲಿ ಮೈಕನ್‌ನ ಬಲಗಾಲನ್ನು ಕತ್ತರಿಸಬೇಕಾಯಿತು. ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಅನಿವಾರ್ಯವಾಯಿತು. 1965ಕ್ಕೆ ಮೊದಲು ನಿವೃತ್ತರಾದ ಆಟಗಾರರಿಗೆ ದೊರೆಯುತ್ತಿದ್ದ ನಿವೃತ್ತಿವೇತನ ಅನಂತರದವರ ವೇತನಕ್ಕೆ ಹೋಲಿಸಿದರೆ ತೀರ ಅಲ್ಪವಾಗಿದ್ದು, ಮೈಕನ್‌ಗೆ ತಿಂಗಳಿಗೆ ಸುಮಾರು 1,700 ಡಾಲರು ಮಾತ್ರ ಸಲ್ಲುತ್ತಿತ್ತು. ಈ ತಾರತಮ್ಯವನ್ನು ಸರಿಪಡಿಸಬೇಕೆಂದು ಈತ ಕಡೆಯವರೆಗೂ ಒತ್ತಾಯಿಸಿದ. 2005ರ ಜೂನ್ 1ರಂದು ಅರಿಜೋನದ ಸ್ಕಾಟ್ಸ್‌ಡೇಲ್‌ನಲ್ಲಿ ನಿಧನನಾದಾಗ ಅಂತ್ಯಸಂಸ್ಕಾರದ ವೆಚ್ಚವನ್ನು, ಹಿಂದೆ ಲೇಕರ್ಸ್‌ನಲ್ಲಿ ಸೆಂಟರ್ ಆಗಿದ್ದ ಶಕೀಲ್ ಓನೀಲ್ ಭರಿಸಿದ.

ಅಂಕಿ-ಅಂಶ ಮತ್ತು ಮನ್ನಣೆ

ಬಿಎಎ ಮತ್ತು ಎನ್‌ಬಿಎಗಳ 439 ಪಂದ್ಯಗಳಲ್ಲಿ ಮೈಕನ್ 10,156 ಅಂಕ ಗಳಿಸಿದ, ಸರಾಸರಿ 23.1. ರೀಬೌಂಡ್‌ಗಳನ್ನು ದಾಖಲಿಸತೊಡಗಿದ್ದು 1950–51ರಿಂದಾದ್ದರಿಂದ ಪಂದ್ಯಕ್ಕೆ 13.4 ಎಂಬ ಸರಾಸರಿ ಈತನ ಉತ್ತರಾರ್ಧದ ಆಟವನ್ನು ಮಾತ್ರ ತೋರಿಸುತ್ತದೆ. ಇಂದಿನ ಆಟಗಾರರ ಅಂಕಗಳೊಂದಿಗೆ ಇವನ್ನು ಹೋಲಿಸುವಾಗ, ತಂಡವೊಂದು ಪಂದ್ಯಕ್ಕೆ 80ರ ಆಸುಪಾಸಿನಲ್ಲಿ ಅಂಕ ಗಳಿಸುತ್ತಿದ್ದ ಕಾಲ ಅದೆಂಬುದನ್ನು ನೆನಪಿಡಬೇಕು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1950ರಲ್ಲಿ ನಡೆಸಿದ ಮತದಾನದಲ್ಲಿ ಈತ ಶತಮಾನದ ಪೂರ್ವಾರ್ಧದ ಶ್ರೇಷ್ಠ ಬ್ಯಾಸ್ಕೆಟ್‌ಬಾಲ್ ಆಟಗಾರನೆಂದು ಆಯ್ಕೆಯಾದ. 1959ರಲ್ಲಿ ಹಾಲ್ ಆಫ್ ಫೇಮ್‌ನ ಮೊದಲ ತಂಡದಲ್ಲೇ ಸೇರ್ಪಡೆಯಾದ. ಎನ್‌ಬಿಎ 1996ರಲ್ಲಿ ಪ್ರಕಟಿಸಿದ 50 ಶ್ರೇಷ್ಠ ಆಟಗಾರರ ಪಟ್ಟಿಯಲ್ಲೂ 2021ರ 75ನೆಯ ವಾರ್ಷಿಕೋತ್ಸವದ ಪಟ್ಟಿಯಲ್ಲೂ ಈತನ ಹೆಸರಿದೆ. ಮಿನ್ನಿಯಾಪೊಲಿಸ್‌ನ ಟಾರ್ಗೆಟ್ ಸೆಂಟರ್ ಕ್ರೀಡಾಂಗಣದಲ್ಲಿ ಹುಕ್ ಶಾಟ್ ಭಂಗಿಯ ಈತನ ಪ್ರತಿಮೆಯನ್ನು 2001ರಲ್ಲಿ ನಿಲ್ಲಿಸಲಾಯಿತು. 99 ಸಂಖ್ಯೆಯ ಅಂಗಿಯನ್ನು ಇನ್ನು ಮುಂದೆ ತಂಡದ ಯಾರೂ ತೊಡಬಾರದೆಂದು ಲಾಸ್ ಏಂಜಲೀಸ್ ಲೇಕರ್ಸ್ 2022ರ ಅಕ್ಟೋಬರ್ 30ರಂದು ಅಧಿಕೃತವಾಗಿ ಕಾಯ್ದಿರಿಸಿತು.